ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಮೊದಲ ಬಾರಿಯ ಮಾಲೀಕರಿಗೆ ನಿರ್ವಹಣೆಯ ಸಮಗ್ರ ಮಾರ್ಗದರ್ಶಿ

ಬಳಸಿದ ಸ್ಪೋರ್ಟ್ಸ್ ಕಾರನ್ನು ಮೊದಲ ಬಾರಿಗೆ ಕೊಂಡವರಲ್ಲಿ ಹೆಚ್ಚಿನವರು ಎಡವುವುದು ಕೆಲಸದ ಕ್ರಮದಲ್ಲಿ. ಕಾರು ಕೈಸೇರಿದ ಕೆಲವೇ ದಿನಗಳಲ್ಲಿ ಸೈಲೆನ್ಸರ್ ಬದಲಾಗುತ್ತದೆ, ಅಲಾಯ್ ಚಕ್ರಗಳಿಗೆ ಹೊಸ ಬಣ್ಣ ಬೀಳುತ್ತದೆ. ಗಡುಸಾದ ಟೈರು, ಕಪ್ಪಾದ ಬ್ರೇಕ್ ಫ್ಲೂಯಿಡ್, ವಯಸ್ಸು ಮೀರಿದ ಟೈಮಿಂಗ್ ಬೆಲ್ಟ್ (ವಾಲ್ವುಗಳ ಚಲನೆಯನ್ನು ಪಿಸ್ಟನ್ನುಗಳಿಗೆ ಹೊಂದಿಸುವ ಪಟ್ಟಿ) ಮಾತ್ರ ಇದ್ದಲ್ಲೇ ಇರುತ್ತವೆ. ಇದರ ಜೊತೆಗೆ ಓಡೋಮೀಟರನ್ನು ಅತಿಯಾಗಿ ನಂಬುವ ತಪ್ಪೂ ಸೇರಿಕೊಳ್ಳುತ್ತದೆ. ಇಂತಹ ಕಾರುಗಳು ವರ್ಷದ ಬಹುಪಾಲು ನಿಂತೇ ಇರುವುದರಿಂದ, ಕಡಿಮೆ ಕಿಲೋಮೀಟರ್ ಎಂಬುದು ಕಡಿಮೆ ಸವೆತದ ಪುರಾವೆಯಾಗುವುದಿಲ್ಲ. ರಬ್ಬರು, ಸೀಲುಗಳು, ದ್ರವಗಳು ಮತ್ತು ಬ್ಯಾಟರಿ ನಿಂತಲ್ಲೇ ಹಳೆಯದಾಗುತ್ತವೆ.

ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಕಾರಿನ ನಿಜಸ್ಥಿತಿಯನ್ನು ತಿಳಿಯುವುದು, ನಂತರ ಅದು ಸುರಕ್ಷಿತವಾಗಿ ನಿಲ್ಲುವಂತೆ ಮಾಡುವುದು, ಆಮೇಲೆ ಇಂಜಿನ್ನನ್ನು ಕಾಪಾಡುವುದು. ವೇಗವನ್ನೂ ಅಂದವನ್ನೂ ಹೆಚ್ಚಿಸುವ ಯಾವುದೇ ಕೆಲಸಕ್ಕೆ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ.

ಬೇಕಾಗುವ ಸಲಕರಣೆಗಳು

ಎಲ್ಲ ಕೆಲಸವನ್ನೂ ಸ್ವತಃ ಮಾಡಬೇಕಾಗಿಲ್ಲ; ಪರಿಶೀಲನೆಯನ್ನಾದರೂ ಸ್ವತಃ ಮಾಡಿದರೆ ಗ್ಯಾರೇಜಿನಲ್ಲಿ ಏನು ಕೇಳಬೇಕೆಂಬುದು ಗೊತ್ತಿರುತ್ತದೆ. ಅದಕ್ಕಾಗಿ ಎತ್ತರ ಕಡಿಮೆ ಇರುವ ಟ್ರಾಲಿ ಜ್ಯಾಕ್, ಕಾರಿನ ತೂಕಕ್ಕೆ ತಕ್ಕ ಜ್ಯಾಕ್ ಸ್ಟ್ಯಾಂಡುಗಳು, ಚಕ್ರಕ್ಕೆ ಕೊಡುವ ಅಡೆಗಳು, ಬೋಲ್ಟನ್ನು ನಿಗದಿತ ಅಳತೆಗೆ ಬಿಗಿಸುವ ಟಾರ್ಕ್ ರೆಂಚ್, ಗಾಳಿಯ ಒತ್ತಡ ನೋಡುವ ಗೇಜು, ಟೈರಿನ ಕಚ್ಚುಗಳ ಆಳ ಅಳೆಯುವ ಗೇಜು, ಮಲ್ಟಿಮೀಟರ್, ಕಾರಿನ ಕಂಪ್ಯೂಟರಿನಲ್ಲಿರುವ ದೋಷ ಸಂಕೇತಗಳನ್ನು ಓದುವ ಓಬಿಡಿ ಸ್ಕ್ಯಾನರ್, ಒಳ್ಳೆಯ ಟಾರ್ಚು ಮತ್ತು ದೂರದಿಂದಲೇ ಶಾಖ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಬೇಕು. ಇವುಗಳಲ್ಲಿ ಟಾರ್ಕ್ ರೆಂಚ್ ಮತ್ತು ಸ್ಟ್ಯಾಂಡುಗಳ ವಿಷಯದಲ್ಲಿ ಜಿಪುಣತನ ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ ಆ ಮಾದರಿಯ, ಆ ವರ್ಷದ ವರ್ಕ್‌ಶಾಪ್ ಮ್ಯಾನ್ಯುಯಲ್. ಕಾರಿನ ಜೊತೆ ಬರುವ ಮಾಲೀಕರ ಕೈಪಿಡಿಯಲ್ಲಿ ಬೋಲ್ಟ್ ಬಿಗಿತದ ಎಲ್ಲ ಅಳತೆಗಳಾಗಲಿ, ಜ್ಯಾಕ್ ಕೊಡುವ ಎಲ್ಲ ಜಾಗಗಳಾಗಲಿ ಇರುವುದಿಲ್ಲ.

ಹಂತ 1: ದಾಖಲೆಗಳನ್ನು ಓದಿ, ಪಟ್ಟಿ ಮಾಡಿ

ಹಿಂದಿನ ಮಾಲೀಕರು ಕೊಟ್ಟ ಬಿಲ್ಲುಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿ ಕೆಲಸದ ಎದುರು ಎರಡು ಅಂಕಿಗಳನ್ನು ಬರೆದುಕೊಳ್ಳಿ: ಅದು ನಡೆದು ಎಷ್ಟು ವರ್ಷವಾಯಿತು, ಎಷ್ಟು ಕಿಲೋಮೀಟರ್ ಆಯಿತು. ತಯಾರಕರ ವೇಳಾಪಟ್ಟಿಯಲ್ಲಿ ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅದೇ ಗಡುವು. ಸರ್ವಿಸ್ ಪುಸ್ತಕದಲ್ಲಿರುವ ಬರಿಯ ಮುದ್ರೆಗಿಂತ, ಬಿಡಿಭಾಗಗಳ ಹೆಸರಿರುವ ಬಿಲ್ಲಿಗೆ ಹೆಚ್ಚು ಬೆಲೆ ಕೊಡಿ. ಬಿಲ್ಲು ಇಲ್ಲದ ಕೆಲಸ ನಡೆದಿಲ್ಲವೆಂದೇ ಲೆಕ್ಕ ಹಾಕುವುದು ಕ್ಷೇಮ.

ಚಾಸಿ ಸಂಖ್ಯೆಯನ್ನು ತಯಾರಕರ ಬಳಿ ಕೊಟ್ಟು, ಆ ಕಾರಿನ ಮೇಲೆ ಬಾಕಿ ಉಳಿದಿರುವ ರೀಕಾಲ್ ಕೆಲಸಗಳು (ತಯಾರಿಕೆಯ ದೋಷಕ್ಕೆ ಕಂಪನಿಯೇ ಮಾಡಿಕೊಡುವ ದುರಸ್ತಿ) ಇವೆಯೇ ಎಂದು ಕೇಳಿ. ಕಾರು ಎಷ್ಟು ಕೈ ಬದಲಾಗಿದ್ದರೂ ರೀಕಾಲ್ ಕಾರಿಗೆ ಸೇರಿದ್ದು, ಮಾಲೀಕರಿಗಲ್ಲ.

ಅನಂತರ ಆ ಮಾದರಿಗೆ ವಿಶಿಷ್ಟವಾದ ದೌರ್ಬಲ್ಯಗಳನ್ನು ಗುರುತಿಸಿ. 986 ಸರಣಿಯ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು 996 ಸರಣಿಯ ಸಾಮಾನ್ಯ 911 ಕಾರುಗಳಲ್ಲಿ ಇಂಜಿನ್ನಿನೊಳಗೆ ತಿರುಗುವ ಇಂಟರ್ಮೀಡಿಯೆಟ್ ಶಾಫ್ಟ್ ಎಂಬ ದಂಡದ ಬೇರಿಂಗು ಒಡೆದರೆ ಇಂಜಿನ್ನೇ ಹಾಳಾಗಬಹುದು. ಆ ಬೇರಿಂಗಿರುವ ಜಾಗ ಕ್ಲಚ್ ಬಿಚ್ಚಿದಾಗ ಕೈಗೆ ಸಿಗುವುದರಿಂದ, ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡಿಸುವುದೇ ಜಾಣತನ. ಬಿಎಂಡಬ್ಲ್ಯೂ ಇ46 ಎಂ3 ಕಾರಿನಲ್ಲಿ ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗದ ಲೋಹದ ತಳ ಬಿರುಕುಬಿಡುತ್ತದೆ. ಮಜ್ದಾ ಆರ್‌ಎಕ್ಸ್-8 ಕಾರಿನ, ಪಿಸ್ಟನ್ನಿನ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ರೋಟರಿ ಇಂಜಿನ್ನಿನ ಆರೋಗ್ಯ ತಿಳಿಯಬೇಕಾದರೆ ರೋಟರಿಗೆಂದೇ ಇರುವ ಉಪಕರಣದಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು, ಸಾಮಾನ್ಯ ಗೇಜು ರೋಟರಿನ ಮೂರು ಮುಖಗಳ ಒತ್ತಡವನ್ನು ಬೇರೆ ಬೇರೆಯಾಗಿ ತೋರಿಸುವುದಿಲ್ಲ. ನಿಮ್ಮ ಕಾರಿಗೂ ಇಂತಹ ಎರಡೋ ಮೂರೋ ಅಂಶಗಳು ಇದ್ದೇ ಇರುತ್ತವೆ, ಅವು ಪಟ್ಟಿಯ ಮೇಲ್ತುದಿಯಲ್ಲಿರಲಿ.

ಹಂತ 2: ತಣ್ಣಗಿರುವ ಇಂಜಿನ್ ಮತ್ತು ಸ್ಕ್ಯಾನರ್

ರಾತ್ರಿಯಿಡೀ ನಿಂತ ಇಂಜಿನ್ನನ್ನು ಚಾಲೂ ಮಾಡುವ ಮೊದಲ ಅರ್ಧ ನಿಮಿಷ ಬಹಳ ಹೇಳುತ್ತದೆ. ಬಾನೆಟ್ ತೆರೆದಿಟ್ಟು, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ, ನೀವು ಇಂಜಿನ್ನಿನ ಬಳಿ ನಿಂತು ಕೇಳಿ. ಒಂದೆರಡು ಕ್ಷಣ ಕೇಳಿ ನಿಲ್ಲುವ ಟಿಕ್ ಟಿಕ್ ಸದ್ದು ಆಯಿಲ್ ಒತ್ತಡ ಏರುವ ಮುನ್ನಿನದಾಗಿರಬಹುದು. ಹಲವು ಸೆಕೆಂಡು ಎಳೆಯುವ ಸರಪಳಿಯಂತಹ ಗಲಗಲ ಸದ್ದಾದರೆ ಟೈಮಿಂಗ್ ಚೈನಿನ ಟೆನ್ಷನರ್ ಅಥವಾ ಗೈಡುಗಳನ್ನು ನೋಡಿಸಬೇಕು. ಇಂಜಿನ್ ವೇಗಕ್ಕೆ ತಕ್ಕಂತೆ ಆಳದಿಂದ ಬರುವ, ಬಿಸಿಯಾದರೂ ಹೋಗದ ಬಡಿತವಿದ್ದರೆ ತಕ್ಷಣ ಇಂಜಿನ್ ನಿಲ್ಲಿಸಿ. ಅದು ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕಿನ ಬೇರಿಂಗಿನ ಸದ್ದಾಗಿರಬಹುದು.

ಹೊಗೆಯ ಬಣ್ಣವನ್ನೂ ನೋಡಿ. ನೀಲಿ ಹೊಗೆ ಆಯಿಲ್ ಉರಿಯುವ ಸೂಚನೆ, ಕಪ್ಪು ಹೊಗೆ ಹೆಚ್ಚಾದ ಪೆಟ್ರೋಲಿನದು. ಇಂಜಿನ್ ಬಿಸಿಯಾದ ಮೇಲೂ ಬಿಡದೆ ಬರುವ, ಸಿಹಿ ವಾಸನೆಯ ಬಿಳಿ ಹೊಗೆ ಕೂಲಂಟಿನದು. ಸಿಲಿಂಡರುಗಳು ಅಡ್ಡವಾಗಿ ಮಲಗಿರುವ ಬಾಕ್ಸರ್ ಇಂಜಿನ್ನುಗಳಲ್ಲಿ, ಬಹಳ ಹೊತ್ತು ನಿಂತ ನಂತರ ಒಮ್ಮೆ ನೀಲಿ ಹೊಗೆ ಹಾರಿ ಮಾಯವಾಗುವುದುಂಟು. ಅಷ್ಟಕ್ಕೇ ಗಾಬರಿಯಾಗಬೇಕಾಗಿಲ್ಲ.

ಸ್ಕ್ಯಾನರ್ ಜೋಡಿಸಿದಾಗ ದೋಷ ಸಂಕೇತಗಳು ಇಲ್ಲವೆಂದು ತೋರಿದರೆ ಸಮಾಧಾನಪಟ್ಟು ಎದ್ದುಬಿಡುವವರೇ ಹೆಚ್ಚು. ಅದೇ ಸ್ಕ್ಯಾನರಿನಲ್ಲಿ ಕಾರಿನ ಕಂಪ್ಯೂಟರು ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರುಗಳು ಎಂಬ ಪುಟವಿರುತ್ತದೆ. ಅಲ್ಲಿ ಹಲವು ಪರೀಕ್ಷೆಗಳು ಅಪೂರ್ಣವೆಂದು ಕಂಡರೆ, ಯಾರೋ ಇತ್ತೀಚೆಗೆ ಸಂಕೇತಗಳನ್ನು ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು. ಕೆಲವು ದಿನ ಓಡಿಸಿ ಮತ್ತೆ ಪರೀಕ್ಷಿಸಿ. ಪೋರ್ಷೆಯಂತಹ ಕೆಲವು ಕಾರುಗಳ ಇಂಜಿನ್ ಕಂಪ್ಯೂಟರು, ಇಂಜಿನ್ ಮಿತಿಮೀರಿ ತಿರುಗಿದ ಸಂದರ್ಭಗಳನ್ನು ದಾಖಲಿಸಿಟ್ಟುಕೊಂಡಿರುತ್ತದೆ. ಮೂರನೆಯ ಗೇರಿನಿಂದ ನಾಲ್ಕಕ್ಕೆ ಹೋಗಬೇಕಾದಾಗ ತಪ್ಪಿ ಎರಡಕ್ಕೆ ಹಾಕಿದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಪೆಟ್ರೋಲ್ ಕಡಿತ ಮಾಡುವ ರೆವ್ ಲಿಮಿಟರ್ ಅದನ್ನು ತಡೆಯಲಾರದು. ಆ ದಾಖಲೆಯನ್ನು ಓದಬಲ್ಲ ಉಪಕರಣವಿರುವ ಗ್ಯಾರೇಜಿನಲ್ಲಿ ಓದಿಸಿ.

ಹಂತ 3: ಕಾರನ್ನು ಎತ್ತುವ ವಿಧಾನ

ಮುಂದಿನ ಹಂತಗಳೆಲ್ಲ ಚಕ್ರ ಬಿಚ್ಚುವುದರಿಂದ ಆರಂಭವಾಗುತ್ತವೆ, ಮೊದಲ ನಷ್ಟವೂ ಅಲ್ಲೇ ಆಗುತ್ತದೆ. ಸಾಮಾನ್ಯ ಜ್ಯಾಕ್ ಈ ಕಾರುಗಳ ಅಡಿಗೆ ಹೋಗುವುದಿಲ್ಲ. ಬಲವಂತವಾಗಿ ತೂರಿಸಿದರೆ ಬಂಪರಿನ ತುಟಿ ಒಡೆಯುತ್ತದೆ. ಎರಡು ಗಟ್ಟಿ ಹಲಗೆಗಳ ಮೇಲೆ ಚಕ್ರ ಹತ್ತಿಸಿ ಮೊದಲು ಸ್ವಲ್ಪ ಎತ್ತರ ಮಾಡಿಕೊಂಡು, ಆಮೇಲೆ ಜ್ಯಾಕ್ ತಳ್ಳಿ.

ಮ್ಯಾನ್ಯುಯಲಿನಲ್ಲಿ ತೋರಿಸಿದ ಜಾಗಕ್ಕೆ ಮಾತ್ರ ಜ್ಯಾಕ್ ಕೊಡಬೇಕು, ಮಧ್ಯೆ ರಬ್ಬರ್ ತುಂಡು ಇರಬೇಕು. ಕಾರಿನ ತಳದ ತೆಳು ತಗಡು, ಆಯಿಲ್ ಸಂಪ್ (ಇಂಜಿನ್ನಿನ ಅಡಿಯ ಆಯಿಲ್ ತೊಟ್ಟಿ), ಸಸ್ಪೆನ್ಷನ್ನಿನ ಅಲ್ಯೂಮಿನಿಯಂ ತೋಳುಗಳು ಭಾರ ಹೊರುವ ಜಾಗಗಳಲ್ಲ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಟ್ಟು, ಕಾರನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿ. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ಒಂದು ಕ್ಷಣವೂ ಹೋಗಬಾರದು. ಇಟ್ಟಿಗೆ, ಕಲ್ಲುಗಳನ್ನು ಸ್ಟ್ಯಾಂಡಿನ ಬದಲು ಬಳಸಬಾರದು. ಅವು ಮುನ್ಸೂಚನೆಯಿಲ್ಲದೆ ಸೀಳುತ್ತವೆ.

ಚಕ್ರ ಬಿಚ್ಚುವ ಮೊದಲು ಲಾಕ್ ಬೋಲ್ಟಿನ ಕೀಲಿ ಕಾರಿನಲ್ಲಿದೆಯೇ ಎಂದು ನೋಡಿಕೊಳ್ಳಿ. ಚಿಕ್ಕ ವಿಷಯವೆನಿಸಿದರೂ, ರಸ್ತೆಯಲ್ಲಿ ಪಂಕ್ಚರ್ ಆದ ದಿನ ಇದೇ ದೊಡ್ಡದಾಗುತ್ತದೆ. ಚಕ್ರ ಮರಳಿ ಹಾಕುವಾಗ ನಕ್ಷತ್ರದ ಆಕಾರದಲ್ಲಿ ಎದುರುಬದುರು ಬೋಲ್ಟುಗಳನ್ನು ಬಿಗಿಸುತ್ತ ಹೋಗಿ, ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದಲೇ ಕೊಡಿ. ಸುಮಾರು 80ರಿಂದ 100 ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ಪರೀಕ್ಷಿಸಿ.

ಹಂತ 4: ಟೈರುಗಳು

ಟೈರಿನ ಪಕ್ಕದ ಗೋಡೆಯ ಮೇಲೆ ಡಾಟ್ ಎಂಬ ಗುರುತಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 3518 ಎಂದಿದ್ದರೆ ಅದು 2018ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದು. ಈ ಪೂರ್ಣ ಗುರುತು ಒಂದೇ ಬದಿಯಲ್ಲಿರುವುದುಂಟು, ಹೊರಗೆ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಆರು ವರ್ಷ ದಾಟಿದ ಟೈರನ್ನು ಸ್ಪೋರ್ಟ್ಸ್ ಕಾರಿನ ವೇಗಕ್ಕೆ ನಂಬುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಹತ್ತು ವರ್ಷವಾದುದನ್ನು ಕಚ್ಚು ಎಷ್ಟೇ ಉಳಿದಿದ್ದರೂ ತೆಗೆಯಲೇಬೇಕು. ಕಚ್ಚು ಚೆನ್ನಾಗಿರುವ ಹಳೆಯ ಟೈರು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಕಣ್ಣಿಗೆ ಅದು ಹೊಸದರಂತೆಯೇ ಕಾಣುತ್ತದೆ.

ಸವೆತದ ಮಟ್ಟ ತೋರಿಸುವ ಉಬ್ಬುಗಳು 1.6 ಮಿ.ಮೀ. ಆಳದಲ್ಲಿರುತ್ತವೆ. ಅಗಲವಾದ ಟೈರು ನೀರಿನ ಮೇಲೆ ತೇಲುವುದು ಬೇಗ, ಹಾಗಾಗಿ 3 ಮಿ.ಮೀ.ಗೆ ಇಳಿದಾಗಲೇ ಬದಲಾವಣೆಯ ಯೋಚನೆ ಮಾಡಬೇಕು. ಚಕ್ರಗಳು ಒಳಕ್ಕೆ ವಾಲಿರುವ ಈ ಕಾರುಗಳಲ್ಲಿ ಒಳ ಅಂಚು ಮೊದಲು ಸವೆಯುತ್ತದೆ. ನಿಂತು ನೋಡಿದರೆ ಅದು ಕಾಣುವುದಿಲ್ಲ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ, ಹಿಂದಿನದರ ಅಂಚಿನ ಮೇಲೆ ಕೈಯಾಡಿಸಿ ನೋಡಬೇಕು. ದಾರ ಕಾಣಿಸಿದರೆ ಆ ದಿನವೇ ಓಡಾಟ ನಿಲ್ಲಿಸಿ.

ಟೈರಿನ ಮೇಲಿನ ವೇಗದ ಅಕ್ಷರವನ್ನು ಗಮನಿಸಿ: ವಿ ಎಂದರೆ ಗಂಟೆಗೆ 240, ಡಬ್ಲ್ಯೂ ಎಂದರೆ 270, ವೈ ಎಂದರೆ 300 ಕಿಲೋಮೀಟರ್. ತಯಾರಕರು ಹೇಳಿದ್ದಕ್ಕಿಂತ ಕೆಳಗಿನ ಅಕ್ಷರದ ಟೈರು ಹಾಕಬಾರದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರುಗಳಲ್ಲಿ ಒಂದೇ ಟೈರು ಬದಲಿಸುವುದು ದುಬಾರಿ ಉಳಿತಾಯ. ಸುತ್ತಳತೆಯ ಸಣ್ಣ ವ್ಯತ್ಯಾಸವೂ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಮಧ್ಯದ ಡಿಫರೆನ್ಷಿಯಲ್ಲನ್ನು ಬಿಡುವಿಲ್ಲದೆ ದುಡಿಸುತ್ತದೆ.

ಹಂತ 5: ಬ್ರೇಕುಗಳು

ಮೊದಲು ಫ್ಲೂಯಿಡ್. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕೆಂಬ ನಿಯಮವಿದೆ. ತೇವ ಹೀರಿದ ಸ್ಥಿತಿಗೆ ಅದೇ ಮಿತಿ 155 ಡಿಗ್ರಿ. ಘಾಟಿ ಇಳಿಯುವಾಗ ಈ ವ್ಯತ್ಯಾಸವೇ ನಿರ್ಣಾಯಕ: ಫ್ಲೂಯಿಡ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಹಿಂದಿನ ದಾಖಲೆ ಏನೇ ಹೇಳಲಿ, ಕಾರು ಕೊಂಡ ಕೂಡಲೇ ಇದನ್ನು ಬದಲಿಸಿ. ಆಮೇಲೆ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿರಿ.

ಡಾಟ್ 5 ಮತ್ತು ಡಾಟ್ 5.1 ಎರಡೂ ಒಂದೇ ಎಂದುಕೊಳ್ಳುವ ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ಡಾಟ್ 5 ಸಿಲಿಕೋನ್ ಮೂಲದ್ದು, ಬೇರೆ ಯಾವುದರ ಜೊತೆಗೂ ಬೆರೆಸಬಾರದು. ಡಾಟ್ 5.1 ಗ್ಲೈಕಾಲ್ ಮೂಲದ್ದಾದ್ದರಿಂದ ಡಾಟ್ 4ರ ಜಾತಿಗೇ ಸೇರಿದ್ದು. ಕಾರಿನ ಬಣ್ಣದ ಮೇಲೆ ಫ್ಲೂಯಿಡ್ ಚೆಲ್ಲಿದರೆ ತಕ್ಷಣ ಧಾರಾಳವಾಗಿ ನೀರು ಸುರಿಯಬೇಕು, ಇಲ್ಲವಾದರೆ ಬಣ್ಣ ಎದ್ದುಬರುತ್ತದೆ.

ಆಮೇಲೆ ಪ್ಯಾಡ್ ಮತ್ತು ಡಿಸ್ಕ್. ಪ್ಯಾಡಿನ ಉಜ್ಜುವ ಭಾಗ 3 ಮಿ.ಮೀ.ಗೆ ಬಂದಿದ್ದರೆ ಬದಲಿಸಿ. ಹೊರಗಿನ ಪ್ಯಾಡ್ ನೋಡಿ ಒಳಗಿನದನ್ನು ಊಹಿಸಬೇಡಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸಿಕ್ಕಿಕೊಂಡಿದ್ದರೆ ಎರಡೂ ಬೇರೆ ಬೇರೆಯಾಗಿ ಸವೆದಿರುತ್ತವೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ರಂಧ್ರ ಕೊರೆದ ಡಿಸ್ಕುಗಳಲ್ಲಿ ರಂಧ್ರಗಳ ಸುತ್ತ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಅವು ಒಂದು ರಂಧ್ರದಿಂದ ಇನ್ನೊಂದಕ್ಕೆ ಕೂಡಿಕೊಂಡಿದ್ದರೆ ಅಥವಾ ಡಿಸ್ಕಿನ ಅಂಚು ತಲುಪಿದ್ದರೆ ಆ ಡಿಸ್ಕಿನ ಕೆಲಸ ಮುಗಿಯಿತು.

ಪ್ಯಾಡ್ ನೀವೇ ಬದಲಿಸಿದರೆ ಎರಡು ಎಚ್ಚರಿಕೆಗಳಿವೆ. ಹ್ಯಾಂಡ್‌ಬ್ರೇಕ್ ಸೇರಿಕೊಂಡಿರುವ ಹಿಂದಿನ ಕ್ಯಾಲಿಪರುಗಳ ಪಿಸ್ಟನ್ ಎಷ್ಟೋ ಕಾರುಗಳಲ್ಲಿ ಒತ್ತಿದರೆ ಒಳಹೋಗುವುದಿಲ್ಲ, ತಿರುಗಿಸಿ ಒಳಕಳಿಸಬೇಕು. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಮೊದಲು ಸ್ಕ್ಯಾನರಿನಿಂದ ಸರ್ವಿಸ್ ಸ್ಥಿತಿಗೆ ತರಬೇಕು. ಎರಡನೆಯದಾಗಿ, ಕೆಲಸ ಮುಗಿದ ಮೇಲೆ ಕಾರನ್ನು ಒಂದಡಿಯೂ ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಹಿಂದೆ ಸರಿದ ಪಿಸ್ಟನ್ ಪ್ಯಾಡ್ ಮುಟ್ಟುವ ತನಕ ಬ್ರೇಕ್ ಇರುವುದೇ ಇಲ್ಲ. ಇದನ್ನು ಮರೆತವರ ಕಾರುಗಳು ಗ್ಯಾರೇಜಿನ ಗೋಡೆಗೆ ಗುದ್ದಿವೆ.

ಪೆಡಲ್ ನೀಡುವ ಸೂಚನೆಗಳನ್ನು ಅರಿತಿರಿ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿಯಿದೆ. ಒತ್ತಿ ಹಿಡಿದಾಗ ಮೆಲ್ಲನೆ ಕೆಳಗಿಳಿದರೆ ಪೆಡಲಿನ ಒತ್ತಡವನ್ನು ಫ್ಲೂಯಿಡಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಸೋರುತ್ತಿರಬಹುದು. ಪಾದದಡಿ ಮಿಡಿಯುವಂತೆ ಅದುರಿದರೆ ಡಿಸ್ಕಿನ ದಪ್ಪ ಏರುಪೇರಾಗಿದೆ. ಓಡಿಸಿ ಬಂದ ಮೇಲೆ ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಎಡಬಲದ ಡಿಸ್ಕುಗಳ ಶಾಖ ಹೋಲಿಸಿ, ಒಂದು ಬದಿ ಬಹಳ ಹೆಚ್ಚಿದ್ದರೆ ಆ ಕ್ಯಾಲಿಪರ್ ಬಿಡಿಸಿಕೊಳ್ಳುತ್ತಿಲ್ಲವೆಂದು ತಿಳಿಯಿರಿ.

ಹಂತ 6: ಇಂಜಿನ್ ಆಯಿಲ್

ಸ್ಪೋರ್ಟ್ಸ್ ಕಾರಿನ ಇಂಜಿನ್ ಹೆಚ್ಚು ವೇಗದಲ್ಲಿ ತಿರುಗುತ್ತದೆ, ಸಂಪಿನಲ್ಲಿ ಆಯಿಲ್ ಕಡಿಮೆಯಾದಾಗ ದೀರ್ಘ ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಪಂಪಿಗೆ ಸಿಗದೆ ಹೋಗುತ್ತದೆ. ಎರಡು ಸಲ ಪೆಟ್ರೋಲ್ ತುಂಬಿಸುವುದರೊಳಗೆ ಒಮ್ಮೆಯಾದರೂ ಆಯಿಲ್ ಮಟ್ಟ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆಯಿಲ್ ಒತ್ತಡಕ್ಕೆ ಸಂಬಂಧಿಸಿದ್ದು. ಅದು ಹತ್ತುವ ಹೊತ್ತಿಗೆ ಬೇರಿಂಗುಗಳು ಆಗಲೇ ಒಣಗಿ ಓಡಿರಬಹುದು.

ಮಟ್ಟ ಅಳೆಯುವ ವಿಧಾನ ಎಲ್ಲ ಕಾರಿಗೂ ಒಂದೇ ಅಲ್ಲ, ಹೊಸ ಮಾಲೀಕರು ತಪ್ಪುವುದು ಇಲ್ಲೇ. ಸಾಮಾನ್ಯ ಸಂಪ್ ಇರುವ ಇಂಜಿನ್ನನ್ನು ಬಿಸಿ ಮಾಡಿ, ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಕಡ್ಡಿ ನೋಡುತ್ತೇವೆ. ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿರುವ ಡ್ರೈ ಸಂಪ್ ಇಂಜಿನ್ನುಗಳ ಲೆಕ್ಕ ಬೇರೆ. ಉದಾಹರಣೆಗೆ, ಗಾಳಿಯಿಂದ ತಣಿಯುವ ಹಳೆಯ ಪೋರ್ಷೆ 911ರಲ್ಲಿ ಸಮತಟ್ಟಾದ ನೆಲದ ಮೇಲೆ, ಇಂಜಿನ್ ಪೂರ್ತಿ ಬಿಸಿಯಾಗಿ ಐಡಲಿನಲ್ಲಿ ಓಡುತ್ತಿರುವಾಗಲೇ ಅಳೆಯಬೇಕು. ತಣ್ಣಗಿರುವಾಗ ಕಡ್ಡಿಯಲ್ಲಿ ಆಯಿಲ್ ಕಾಣಲಿಲ್ಲವೆಂದು ಸುರಿದವರು, ಆಮೇಲೆ ಹೆಚ್ಚಾದ ಆಯಿಲ್ ಗಾಳಿ ಎಳೆಯುವ ಕೊಳವೆಗೆ ನುಗ್ಗಿ ಹೊಗೆ ಕಾರುವುದನ್ನು ನೋಡಬೇಕಾಗುತ್ತದೆ.

ಆಯಿಲಿನ ದರ್ಜೆಯನ್ನು ಅಭಿಪ್ರಾಯಗಳ ಮೇಲೆ ಆರಿಸಬಾರದು. ಬಿಎಂಡಬ್ಲ್ಯೂ ತನ್ನ ಎಸ್65 ಮತ್ತು ಎಸ್85 ಇಂಜಿನ್ನುಗಳಿಗೆ 10ಡಬ್ಲ್ಯೂ-60 ಆಯಿಲನ್ನು ನಿಗದಿಪಡಿಸಿತು; ಬೇರೊಂದು ಇಂಜಿನ್ನಿಗೆ ಅಷ್ಟು ಮಂದವಾದ ಆಯಿಲ್ ಹಾಕಿದರೆ ತಣ್ಣಗಿನ ಸ್ಟಾರ್ಟಿನಲ್ಲಿ ಹರಿಯುವುದು ನಿಧಾನವಾಗುತ್ತದೆ. ಕೈಪಿಡಿಯಲ್ಲಿರುವ ಮಂದತೆಯ ಅಂಕಿಯ ಜೊತೆಗೆ ತಯಾರಕರ ಅನುಮೋದನೆಯ ಸಂಕೇತವೂ ಡಬ್ಬಿಯ ಮೇಲಿರಬೇಕು. ಮಜ್ದಾ ಆರ್‌ಎಕ್ಸ್-8ರಂತಹ ರೋಟರಿ ಇಂಜಿನ್ನು ಒಳಗಿನ ಸೀಲುಗಳಿಗಾಗಿ ಆಯಿಲನ್ನು ಬೇಕೆಂದೇ ಚಿಮುಕಿಸಿ ಉರಿಸುತ್ತದೆ. ಅಲ್ಲಿ ಮಟ್ಟ ಇಳಿಯುವುದು ದೋಷವಲ್ಲ, ಇಳಿದದ್ದನ್ನು ಗಮನಿಸದಿರುವುದು ದೋಷ.

ಕಾರು ಓಡಲಿ, ಓಡದಿರಲಿ, ವರ್ಷಕ್ಕೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಸಣ್ಣ ದೂರದ ಓಡಾಟದಲ್ಲಿ ಆಯಿಲ್ ಪೂರ್ತಿ ಬಿಸಿಯಾಗದೆ, ಅದರಲ್ಲಿ ಸೇರಿದ ನೀರೂ ಪೆಟ್ರೋಲೂ ಆವಿಯಾಗದೆ ಉಳಿಯುತ್ತವೆ. ಮುಚ್ಚಳದ ಒಳಗೆ ಕೆನೆಯಂತಹ ಬಿಳಿ ಲೇಪ ಕಂಡರೆ ಬಹುಪಾಲು ಇದೇ ಕಾರಣ. ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಬಗ್ಗೆ ಅನುಮಾನಿಸಬೇಕು.

ಮೊದಲ ಸಲ ತೆಗೆದ ಹಳೆಯ ಫಿಲ್ಟರನ್ನು ಎಸೆಯಬೇಡಿ. ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ, ಬೆಳಕಿನಡಿ ನೋಡಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟುವ ನುಣ್ಣನೆಯ ಕಪ್ಪು ಪುಡಿ ಸಾಮಾನ್ಯವಾದದ್ದು. ಬೇರಿಂಗುಗಳ ತಾಮ್ರ, ಸೀಸ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಹಾಗಾಗಿ ಫಿಲ್ಟರಿನಲ್ಲಿ ಹೊಳೆಯುವ ಚೂರುಗಳು, ಅದರಲ್ಲೂ ತಾಮ್ರದ ಬಣ್ಣದವು ಕಂಡರೆ, ಇಂಜಿನ್ ಬಿಚ್ಚುವ ಅನುಭವವಿರುವ ಮೆಕ್ಯಾನಿಕ್ ನೋಡುವ ತನಕ ಕಾರನ್ನು ಓಡಿಸಬಾರದು.

ಹಂತ 7: ಟೈಮಿಂಗ್ ಬೆಲ್ಟ್ ಅಥವಾ ಚೈನ್

ನಿಮ್ಮ ಇಂಜಿನ್ನಿನಲ್ಲಿರುವುದು ಬೆಲ್ಟೋ ಚೈನೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬೆಲ್ಟಾದರೆ ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಬೆಲ್ಟ್ ಹರಿದಾಗ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆಯೇ? ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರ 1.6 ಲೀಟರ್ ಇಂಜಿನ್ನಿನಲ್ಲಿ ಬಡಿಯುವುದಿಲ್ಲ, ಕಾರು ರಸ್ತೆಯಲ್ಲಿ ನಿಲ್ಲುತ್ತದೆ ಅಷ್ಟೇ. ಪೋರ್ಷೆ 944ರಲ್ಲಿ ಬಡಿಯುತ್ತವೆ, ವಾಲ್ವುಗಳು ಬಾಗುತ್ತವೆ. ಅದರಲ್ಲಿ ಬ್ಯಾಲೆನ್ಸ್ ಶಾಫ್ಟುಗಳಿಗೆ ಇನ್ನೊಂದು ಬೆಲ್ಟ್ ಬೇರೆಯೇ ಇದೆ. ಫೆರಾರಿ ಎಫ್355ರಲ್ಲಿ ಬೆಲ್ಟ್ ಬದಲಿಸಲು ಇಂಜಿನ್ನನ್ನೇ ಕೆಳಗಿಳಿಸಬೇಕಾಗುತ್ತದೆ. ಇಂತಹ ಕಾರು ಮಾರುವವರು ಬೆಲ್ಟ್ ಕೆಲಸ ಬಾಕಿ ಇರುವಾಗಲೇ ಏಕೆ ಮಾರುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಬೆಲ್ಟನ್ನು ಕಣ್ಣಿನಿಂದ ನೋಡಿ ಚೆನ್ನಾಗಿದೆ ಎಂದು ಹೇಳುವ ಮಾತಿಗೆ ಬೆಲೆ ಕೊಡಬೇಡಿ. ಒಳಗಿನ ನಾರು ದುರ್ಬಲವಾದದ್ದು ಹೊರಗೆ ಕಾಣುವುದಿಲ್ಲ. ಬದಲಿಸುವಾಗ ಟೆನ್ಷನರ್, ಐಡ್ಲರ್ ಪುಲ್ಲಿಗಳು ಮತ್ತು ಆ ಬೆಲ್ಟಿನಿಂದಲೇ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಒಟ್ಟಿಗೆ ಬದಲಿಸಿ. ಹಳೆಯ ಪುಲ್ಲಿಯ ಬೇರಿಂಗು ಹಿಡಿದುಕೊಂಡರೆ ಹೊಸ ಬೆಲ್ಟೂ ಹರಿಯುತ್ತದೆ. ಜೋಡಣೆ ಮುಗಿದ ಮೇಲೆ ಇಂಜಿನ್ ಚಾಲೂ ಮಾಡುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಸರಿಯಾಗಿ ಕೂಡಿವೆಯೇ ಎಂದು ನೋಡಬೇಕು. ತಿರುಗಿಸುವಾಗ ಗಟ್ಟಿ ತಡೆ ಸಿಕ್ಕರೆ ಬಲ ಹಾಕಬಾರದು.

ಹಂತ 8: ಕೂಲಂಟ್ ಮತ್ತು ರೇಡಿಯೇಟರ್

ಕೂಲಂಟಿನ ಬಣ್ಣ ಅದರ ಜಾತಿಯನ್ನು ಹೇಳುವುದಿಲ್ಲ. ಬೇರೆ ಬೇರೆ ರಾಸಾಯನಿಕ ಮೂಲದ ಕೂಲಂಟುಗಳು ಬೆರೆತರೆ ಗಸಿ ಕಟ್ಟುವುದುಂಟು. ಒಳಗಿರುವುದು ಯಾವುದೆಂದು ತಿಳಿಯದಿದ್ದರೆ ಪೂರ್ತಿ ಬಸಿದು, ತೊಳೆದು, ತಯಾರಕರು ಹೇಳಿದ್ದನ್ನು ಡಿಸ್ಟಿಲ್ಡ್ ನೀರಿನೊಂದಿಗೆ ತುಂಬುವುದೇ ಸರಿಯಾದ ದಾರಿ. ಬಿಸಿ ಇಂಜಿನ್ನಿನ ಕೂಲಂಟ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಇಂಜಿನ್ ಮಧ್ಯದಲ್ಲೋ ಹಿಂದೆಯೋ ಇರುವ ಹಲವು ಕಾರುಗಳಲ್ಲಿ ರೇಡಿಯೇಟರ್ ಮುಂಭಾಗದಲ್ಲಿದ್ದು, ಉದ್ದದ ಕೊಳವೆಗಳು ಕಾರಿನ ಅಡಿಯಿಂದ ಹಾದುಹೋಗುತ್ತವೆ. ಆ ಉದ್ದದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಇಂಜಿನ್ ಒಂದು ಕಡೆ ಅತಿಯಾಗಿ ಬಿಸಿಯಾಗುತ್ತದೆ, ಹೀಟರಿನಿಂದ ಮಾತ್ರ ತಣ್ಣನೆಯ ಗಾಳಿ ಬರುತ್ತದೆ. ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲೇ ಗಾಳಿ ತೆಗೆಯಬೇಕು. ನಿರ್ವಾತದಿಂದ ಕೂಲಂಟ್ ತುಂಬುವ ಉಪಕರಣವಿದ್ದರೆ ಕೆಲಸ ಸುಲಭ. ಬಾಕ್ಸ್‌ಸ್ಟರಿನಂತೆ ಬಂಪರಿನ ಮೂಲೆಗಳಲ್ಲಿ ರೇಡಿಯೇಟರ್ ಇದ್ದರೆ, ಎಸಿ ಕಂಡೆನ್ಸರಿಗೂ ಅದಕ್ಕೂ ನಡುವೆ ಒದ್ದೆ ಎಲೆಗಳು ಸೇರಿ ಕೊಳೆತು ಲೋಹವನ್ನು ತಿನ್ನುತ್ತವೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಶುಚಿಮಾಡಿ.

ಹಂತ 9: ಕ್ಲಚ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್

ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಇಂಜಿನ್ ವೇಗ ಕಡಿಮೆ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ವೇಗ ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಬದಲಿಸುವಾಗ ಫ್ಲೈವೀಲಿನ ಸಡಿಲತೆಯನ್ನೂ ಕ್ರ್ಯಾಂಕಿನ ಹಿಂದಿನ ಸೀಲನ್ನೂ ನೋಡಿಸಿ, ಅಷ್ಟು ಬಿಚ್ಚುವ ಕೂಲಿ ಎರಡು ಸಲ ಕೊಡುವುದು ಯಾರಿಗೂ ಬೇಡ.

ತಣ್ಣಗಿರುವಾಗ ಮಾತ್ರ ಎರಡನೆಯ ಗೇರು ಕರಕರ ಎನ್ನುವುದಾದರೆ ಮೊದಲು ಗೇರ್ ಆಯಿಲ್ ಬದಲಿಸಿ ನೋಡಿ. ಬಿಸಿಯಾದ ಮೇಲೂ ಹಾಗೇ ಇದ್ದರೆ ಸಿಂಕ್ರೊನೈಸರ್ (ಗೇರುಗಳ ವೇಗ ಹೊಂದಿಸುವ ಭಾಗ) ಸವೆದಿರಬಹುದು. ಒಂದೇ ಚಕ್ರ ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಹಲವು ಕಾರುಗಳಿಗೆ ವಿಶೇಷ ಮಿಶ್ರಣದ ಆಯಿಲ್ ಬೇಕು. ಸಾಮಾನ್ಯ ಆಯಿಲ್ ಹಾಕಿದರೆ ನಿಧಾನವಾಗಿ ತಿರುಗುವಾಗ ಹಿಂದಿನಿಂದ ಕಟಕಟ ಎಂದು ನಡುಗುತ್ತದೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸುಗಳಲ್ಲಿ ಆಯಿಲ್ ಮಟ್ಟವನ್ನು ನಿಗದಿತ ಉಷ್ಣತೆಯಲ್ಲೇ ಅಳೆಯಬೇಕಾದ್ದರಿಂದ ಅದನ್ನು ಬಲ್ಲವರಿಗೆ ಬಿಡುವುದು ಒಳ್ಳೆಯದು. ಇನ್ನೊಂದು ಮಾತು: ಹಳೆಯ ಗೇರ್ ಆಯಿಲ್ ಬಸಿಯುವ ಮುನ್ನವೇ, ಹೊಸದನ್ನು ತುಂಬುವ ಜಾಗದ ಪ್ಲಗ್ಗನ್ನು ಸಡಿಲಿಸಿ ನೋಡಿ. ಆಯಿಲ್ ಬಸಿದ ಮೇಲೆ ಅದು ಬಿಚ್ಚದಿದ್ದರೆ ಕಾರು ಎತ್ತಿದಲ್ಲೇ ಉಳಿಯುತ್ತದೆ.

ಹಂತ 10: ಸಸ್ಪೆನ್ಷನ್ ಮತ್ತು ಅಲೈನ್‌ಮೆಂಟ್

ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರುಗಳನ್ನು ಪರೀಕ್ಷಿಸದೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ. ರಬ್ಬರ್ ಬುಷ್ ಸೀಳಿದ್ದರೆ ಯಂತ್ರದ ಮೇಲೆ ಹೊಂದಿಸಿದ ಕೋನ ರಸ್ತೆಯಲ್ಲಿ ಉಳಿಯುವುದಿಲ್ಲ. ಬುಷ್ ಬದಲಿಸಿದಾಗ ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿಸಬಾರದು. ಕಾರು ನೆಲದ ಮೇಲೆ ನಿಂತಾಗ ಹೊಸ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಯ ಬಿಗಿತವನ್ನು ಕಾರು ತನ್ನ ಸಹಜ ಎತ್ತರದಲ್ಲಿರುವಾಗ ಕೊಡಬೇಕು.

ಹಂತ 11: ಬ್ಯಾಟರಿ ಮತ್ತು ನೀರಿನ ದಾರಿಗಳು

ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ. ಬೀಗ ಹಾಕಿ ಎಲ್ಲ ಕಂಪ್ಯೂಟರುಗಳು ನಿದ್ರೆಗೆ ಹೋದ ಮೇಲೆ ಹರಿಯುವ ಕರೆಂಟು ಸುಮಾರು 50 ಮಿಲಿಆಂಪಿಯರಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ನೋಡುತ್ತ ಕಾರಣ ಹುಡುಕಿ. ಮುಂದಿನ ಡಿಕ್ಕಿಯೊಳಗೆ ಬ್ಯಾಟರಿಯಿದ್ದು ಅದರ ಬೀಗ ವಿದ್ಯುತ್ತಿನಿಂದ ತೆರೆಯುವಂಥದ್ದಾದರೆ, ಬ್ಯಾಟರಿ ಸತ್ತಾಗ ತೆರೆಯುವ ಬದಲಿ ದಾರಿಯನ್ನು ಇಂದೇ ಕೈಪಿಡಿಯಲ್ಲಿ ಓದಿಟ್ಟುಕೊಳ್ಳಿ.

ಮಡಚುವ ಚಾವಣಿಯ ಕಾರುಗಳಲ್ಲಿ ನೀರು ಇಳಿದುಹೋಗುವ ತೂತುಗಳು ಕಸದಿಂದ ಕಟ್ಟಿಕೊಂಡರೆ ನೀರು ಒಳಗೆ ನಿಲ್ಲುತ್ತದೆ. 986 ಬಾಕ್ಸ್‌ಸ್ಟರಿನಲ್ಲಿ ಕಳ್ಳತನ ತಡೆಯುವ ಇಮೊಬಿಲೈಸರಿನ ಕಂಟ್ರೋಲ್ ಯೂನಿಟ್ ಸೀಟಿನ ಅಡಿಯಲ್ಲೇ ಇದೆ, ಕಾರ್ಪೆಟ್ ನೆನೆದರೆ ಕಾರು ಸ್ಟಾರ್ಟ್ ಆಗದೆ ಹೋಗಬಹುದು.

ಹಂತ 12: ಹಿಂದಿನವರು ಮಾಡಿಸಿದ ಬದಲಾವಣೆಗಳು

ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಗಿದ್ದರೆ ಅದು ಯಾವ ಆಕ್ಟೇನಿನ ಪೆಟ್ರೋಲಿಗೆ ಹೊಂದಿಸಿದ್ದೆಂದು ತಿಳಿಯಬೇಕು. ಹೆಚ್ಚಿನ ಆಕ್ಟೇನಿಗೆ ಹೊಂದಿಸಿದ ಇಂಜಿನ್ನಿಗೆ ಕಡಿಮೆಯದನ್ನು ಹಾಕಿದರೆ ಸಿಲಿಂಡರಿನಲ್ಲಿ ಅಕಾಲಿಕ ಸ್ಫೋಟವಾಗಿ ಪಿಸ್ಟನ್ ಒಡೆಯಬಹುದು. ಚಕ್ರಗಳನ್ನು ಹೊರತಳ್ಳುವ ಸ್ಪೇಸರುಗಳಿದ್ದರೆ ಅವಕ್ಕೆ ತಕ್ಕ ಉದ್ದದ ಬೋಲ್ಟುಗಳಿವೆಯೇ ನೋಡಿ. ದಾಖಲೆಯಿಲ್ಲದ ಬದಲಾವಣೆಯನ್ನು ಕಂಪನಿಯ ಮೂಲ ಸ್ಥಿತಿಗೆ ಮರಳಿಸುವುದೇ ನನ್ನ ಆಯ್ಕೆ. ಮುಂದೆ ದೋಷ ಹುಡುಕುವ ಮೆಕ್ಯಾನಿಕ್ಕಿಗೂ ಅದರಿಂದ ಅರ್ಧ ಕೆಲಸ ಉಳಿಯುತ್ತದೆ.

ಓಡಿಸುವಾಗ, ನಿಲ್ಲಿಸಿಡುವಾಗ

ಕೂಲಂಟಿನ ಮುಳ್ಳು ಮಧ್ಯಕ್ಕೆ ಬಂದಾಗ ಆಯಿಲ್ ಇನ್ನೂ ತಣ್ಣಗಿರುತ್ತದೆ. ಆಯಿಲ್ ಉಷ್ಣತೆಯ ಮಾಪಕವಿದ್ದರೆ ಸುಮಾರು 80 ಡಿಗ್ರಿ ದಾಟುವವರೆಗೆ ಇಂಜಿನ್ನನ್ನು ಹೆಚ್ಚು ವೇಗಕ್ಕೆ ಎಳೆಯಬೇಡಿ; ಮಾಪಕವಿಲ್ಲದಿದ್ದರೆ ಕೂಲಂಟ್ ಬಿಸಿಯಾದ ಮೇಲೂ ಇನ್ನಷ್ಟು ಹೊತ್ತು ಹದವಾಗಿ ಓಡಿಸಿ. ಟರ್ಬೊ ಇರುವ ಕಾರನ್ನು ಜೋರಾಗಿ ಓಡಿಸಿದ್ದರೆ ಕೊನೆಯ ಕೆಲವು ಕಿಲೋಮೀಟರುಗಳನ್ನು ನಿಧಾನವಾಗಿ ಸಾಗಿಸಿ, ಆಮೇಲೆ ಇಂಜಿನ್ ನಿಲ್ಲಿಸಿ.

ಕೆಂಪು ಆಯಿಲ್ ದೀಪ, ಕೆಂಪು ವಲಯಕ್ಕೆ ಏರುವ ಕೂಲಂಟ್ ಮುಳ್ಳು, ಮಿಣುಕುವ ಇಂಜಿನ್ ದೀಪ, ಒಮ್ಮೆಲೇ ಮೆತ್ತಗಾದ ಬ್ರೇಕ್ ಪೆಡಲ್, ಕ್ಯಾಬಿನ್ನಿನಲ್ಲಿ ಪೆಟ್ರೋಲಿನ ವಾಸನೆ: ಈ ಐದರಲ್ಲಿ ಯಾವುದು ಕಂಡರೂ ಮನೆಯವರೆಗೆ ಹೋಗಿ ನೋಡೋಣವೆನ್ನದೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಟೋ ವಾಹನ ಕರೆಸಿ.

ತಿಂಗಳುಗಟ್ಟಲೆ ನಿಲ್ಲಿಸಿಡುವುದಾದರೆ ಮೊದಲೇ ಹೊಸ ಆಯಿಲ್ ಹಾಕಿ, ಟ್ಯಾಂಕ್ ತುಂಬಿಸಿ ಇಂಧನ ಕೆಡದಂತೆ ಕಾಯುವ ದ್ರಾವಣ ಬೆರೆಸಿ, ಬ್ಯಾಟರಿಗೆ ತಕ್ಕ ಮೇಂಟೇನರ್ ಜೋಡಿಸಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಪ್ಯಾಡುಗಳು ಡಿಸ್ಕಿಗೆ ಅಂಟಿಕೊಳ್ಳಬಹುದಾದ್ದರಿಂದ, ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು ಬಿಡಿ. ಆಗಾಗ ಇಂಜಿನ್ ಚಾಲೂ ಮಾಡಿ ಐದು ನಿಮಿಷಕ್ಕೆ ಆರಿಸುವ ಅಭ್ಯಾಸ ಬೇಡ. ಅದರಿಂದ ಆಯಿಲಿಗೂ ಸೈಲೆನ್ಸರಿಗೂ ನೀರು ಸೇರುತ್ತದೆ. ಓಡಿಸಲು ಸಾಧ್ಯವಿದ್ದರೆ ಅರ್ಧ ಗಂಟೆಗಿಂತ ಕಡಿಮೆಯಾಗದಂತೆ ಓಡಿಸಿ, ಇಲ್ಲವಾದರೆ ಮುಟ್ಟಬೇಡಿ. ಮರಳಿ ರಸ್ತೆಗೆ ಇಳಿಸುವ ದಿನ ಗಾಳಿಯ ಒತ್ತಡ ಸರಿಪಡಿಸಿ, ಏರ್ ಫಿಲ್ಟರಿನ ಪೆಟ್ಟಿಗೆಯಲ್ಲೂ ವೈರುಗಳ ನಡುವೆಯೂ ಇಲಿ ಗೂಡು ಕಟ್ಟಿದೆಯೇ ಎಂದು ನೋಡಿ, ಮೊದಲ ಕೆಲವು ಬ್ರೇಕುಗಳನ್ನು ನಡಿಗೆಯ ವೇಗದಲ್ಲೇ ಒತ್ತಿ ಡಿಸ್ಕಿನ ತುಕ್ಕು ಉಜ್ಜಿಹೋದ ನಂತರವೇ ವೇಗ ಹೆಚ್ಚಿಸಿ.